ಕೋಲು ನಿಂತಲ್ಲಿ ದಾರ

ಬೀಜವನ್ನು ಶೀತಕೋಠಿಯಲ್ಲಿಟ್ಟು ಐವತ್ತು ವರ್ಷ ಕಾಯಬಹುದಾದರೆ, ಬೀಜ ಆರಿಸುವ ಕಣ್ಣನ್ನೂ ಯಾಕೆ ಹಾಗೆ ಕಾಯಬಾರದು? ಈ ಪ್ರಶ್ನೆ ಮೊದಲು ಯಾರ ತಲೆಯಲ್ಲಿ ಹುಟ್ಟಿತೋ ಗೊತ್ತಿಲ್ಲ. ಕರೇಮಡ್ಡಿಯ ಎಣ್ಣೆಬೀಜ ಸಂಶೋಧನಾ ಕೇಂದ್ರಕ್ಕೆ ಅದು ಬಂದದ್ದು ಒಂದು ಕನ್ನಡಕದ ರೂಪದಲ್ಲಿ. ಆ ಕನ್ನಡಕ ಮೊದಲು ಏರಬೇಕಾದ ಮೂಗು ಡಾ. ಪ್ರಭುಲಿಂಗ ಕಟಗೇರಿಯವರದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸ್ವತಃ ಕಟಗೇರಿಯವರಿಗಂತೂ ಇರಲೇ ಇಲ್ಲ.

ಕಟಗೇರಿಯವರು ಕುಸುಬೆ ತಳಿ ತಜ್ಞರು. ಮೂವತ್ತೊಂದು ವರ್ಷ ಅದೇ ಕೇಂದ್ರ, ಅದೇ ಎರೆ ಹೊಲ, ಅದೇ ಬೆಳೆ. ಅವರು ಆರಿಸಿ ಬೆಳೆಸಿದ ‘ಕರೇಮಡ್ಡಿ-೯’ ತಳಿಯ ಕಾಳಿನಲ್ಲಿ ನೂರಕ್ಕೆ ನಲವತ್ತೆರಡು ಪಾಲು ಎಣ್ಣೆ. ಅದಕ್ಕೆ ಹಿಂದಿನ ತಳಿಗಳೆಲ್ಲ ಮೂವತ್ತರ ಹತ್ತಿರವೇ ಏದುಸಿರು ಬಿಡುತ್ತಿದ್ದವು. ಸಾವಿರಾರು ಗಿಡಗಳ ನಡುವೆ ನಡೆಯುತ್ತ, ಅಳತೆಪಟ್ಟಿಯಿಲ್ಲದೆ ತಕ್ಕಡಿಯಿಲ್ಲದೆ, ಬರೀ ನೋಟದಿಂದಲೇ ‘ಇದು’ ಎಂದು ಬೆರಳು ಮಾಡಿ ತೋರಿಸಬಲ್ಲರು ಎಂಬುದು ಅವರ ಖ್ಯಾತಿ. ಪತ್ರಿಕೆಯವರು ಬಂದು ಗುಟ್ಟೇನೆಂದು ಕೇಳಿದಾಗ ಸ್ವಲ್ಪ ಹೊತ್ತು ದೂರಕ್ಕೆ ನೋಡಿ, “ಗಿಡ ನನ್ನ ಕೂಡ ಮಾತಾಡ್ತದ್ರಿ” ಎನ್ನುತ್ತಿದ್ದರು. ಈ ಮಾತು ಎಂಟು ಸಂದರ್ಶನಗಳಲ್ಲಿ ಅಚ್ಚಾಗಿದೆ. ಗಿಡವನ್ನು ಆ ಬಗ್ಗೆ ಯಾರೂ ವಿಚಾರಿಸಿಲ್ಲ.

ಎಲೆಯ ಚೂರೊಂದನ್ನು ಅರೆದು ಅದರ ವಂಶವಾಹಿಗಳನ್ನು ಓದಿ, ಗಿಡ ದೊಡ್ಡದಾದ ಮೇಲೆ ಎಷ್ಟು ಎಣ್ಣೆ ಕೊಡುತ್ತದೆಂದು ಊಹಿಸುವ ಯಂತ್ರಗಳು ಆಗಲೇ ಬಂದು ಹಳೆಯದಾಗಿದ್ದವು. ಅವು ಹತ್ತರಲ್ಲಿ ಏಳು ಸಲ ಸರಿಯಾಗಿ ಹೇಳುತ್ತಿದ್ದವು. ಉಳಿದ ಮೂರು ಸಲ ಗೆಲ್ಲುತ್ತಿದ್ದದ್ದು ಕಟಗೇರಿಯವರಂಥ ಹಿರಿಯರ ನೋಟ. ಅಂಥವರು ನಿವೃತ್ತರಾದರೆ ನೋಟವೂ ಮನೆಗೆ ಹೋಗುತ್ತದೆ. ಅದಕ್ಕೇ ಈ ಕನ್ನಡಕ. ಅದರಲ್ಲಿ ಎರಡು ಪುಟ್ಟ ಕ್ಯಾಮೆರಾಗಳು, ಒಂದು ಹೊಲದ ಕಡೆಗೆ, ಒಂದು ಹಾಕಿಕೊಂಡವರ ಕಣ್ಣಿನ ಕಡೆಗೆ. ನೋಟ ಎಲ್ಲಿ ಬಿತ್ತು, ಎಷ್ಟು ಹೊತ್ತು ನಿಂತಿತು, ಪಾಪೆ ಎಲ್ಲಿ ಹಿಗ್ಗಿತು, ಎಲ್ಲವನ್ನೂ ಅದು ಬರೆದುಕೊಳ್ಳುತ್ತದೆ. ಮನುಷ್ಯ ತಾನು ಆರಿಸಿದೆ ಅಂದುಕೊಳ್ಳುವ ಮೊದಲೇ ಅವನ ಕಣ್ಣು ಆರಿಸಿರುತ್ತದಂತೆ. ಆ ಅರೆಗಳಿಗೆಯನ್ನು ಹಿಡಿದರೆ ಕಣ್ಣನ್ನೇ ಹಿಡಿದಂತೆ.

ಹಾಗೆ ಹಿಡಿದ ಕಣ್ಣನ್ನು ಕೂರಿಸಲು ನಾಲ್ಕು ಗಾಲಿಯ ಬಂಡಿಯೊಂದು ಸಿದ್ಧವಾಗಿ ಶೆಡ್ಡಿನಲ್ಲಿ ನಿಂತಿತ್ತು. ಬರುವ ಸೋಮವಾರ ಅದು ಏಳನೇ ತಾಕಿಗೆ ಇಳಿಯಬೇಕು. ಅಲ್ಲಿರುವುದು ಕಾಡುಕುಸುಬೆಗೂ ನಾಡಕುಸುಬೆಗೂ ಒಂಬತ್ತು ವರ್ಷ ಒದ್ದಾಡಿ ಕೂಡಿಸಿದ ಸಂಕರದ ನಲವತ್ತು ಸಾವಿರ ಗಿಡ. ಬಂಡಿ ನಡೆಯುತ್ತ ನಾನೂರನ್ನು ಆರಿಸುತ್ತದೆ, ಉಳಿದದ್ದನ್ನು ಅಲ್ಲೇ ಕತ್ತರಿಸಿ ಮಣ್ಣಿಗೆ ಬೆರೆಸುತ್ತದೆ. ಆಮೇಲೆ ಅದೇ ಕಣ್ಣಿನ ನಕಲು ಹನ್ನೊಂದು ಕೇಂದ್ರಗಳಿಗೆ ಹೋಗುತ್ತದೆ. ಬಂಡಿಯ ಪಕ್ಕದಲ್ಲಿ ಆಗಲೇ ಹಸಿರು ಬಣ್ಣದಲ್ಲಿ ‘ಕಟಗೇರಿ ಕಣ್ಣು’ ಎಂದು ಬರೆಸಿದ್ದರು. ಕಟಗೇರಿಯವರು ದಿನಕ್ಕೊಂದು ಸಲ ಏನಾದರೂ ನೆಪ ತೆಗೆದು ಶೆಡ್ಡಿನ ಕಡೆ ಹೋಗಿ ಬರುತ್ತಿದ್ದರು.

*

ಮೂರು ಬೆಳಗು ಅವರು ಕನ್ನಡಕ ಹಾಕಿಕೊಂಡು ಐದನೇ ತಾಕಿನಲ್ಲಿ ನಡೆದರು. ಮಾಗಿದ ಕುಸುಬೆ ಹೊಲದಲ್ಲಿ ನಡೆಯುವುದು ಸುಲಭದ ಮಾತಲ್ಲ. ಎಲೆಯ ಅಂಚಿಗೆ ಮುಳ್ಳು, ಕಾಯಿಯ ಸುತ್ತ ಮುಳ್ಳು. ಬಿಸಿಲೇರಿದರೆ ಒಂದೊಂದೂ ಸೂಜಿ. ಇಬ್ಬನಿಯ ತಂಪಿರುವಾಗ ಮಾತ್ರ ಸ್ವಲ್ಪ ಮೆತ್ತಗಿರುತ್ತವೆ. ಆದ್ದರಿಂದ ಕಟಗೇರಿಯವರು ಆರಿಸಲು ಇಳಿಯುವಾಗ ಮುಂದೆ ಒಬ್ಬಳು ಉದ್ದನೆಯ ಕೋಲಿನಿಂದ ರೆಂಬೆಗಳನ್ನು ಅತ್ತಿತ್ತ ಸರಿಸಿ ದಾರಿ ಮಾಡುತ್ತ ಹೋಗುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ. ಅವಳು ಫಕೀರವ್ವ. ಕೇಂದ್ರದ ದಿನಗೂಲಿಯವಳು. ಇವರು ಕೆಲಸಕ್ಕೆ ಸೇರಿದ ವರ್ಷವೇ ಅವಳೂ ಸೇರಿದ್ದು.

ಅವಳು ಮುಂದೆ, ಇವರು ಹಿಂದೆ. ಕೋಲು ಸರಸರ ಹೋಗುತ್ತದೆ. ಎಲ್ಲೋ ಒಂದು ಗಿಡದ ಬಳಿ ನಿಂತು, ರೆಂಬೆಯನ್ನು ಒತ್ತಿ ಹಿಡಿಯುತ್ತದೆ. ಕಟಗೇರಿಯವರು ಆ ಗಿಡವನ್ನು ಮೇಲಿನಿಂದ ನೋಡಿ, ಸ್ವಲ್ಪ ತಡೆದು, “ಇದಕ್ಕ ದಾರ ಕಟ್ಟು” ಎನ್ನುತ್ತಾರೆ. ಅವಳು ಸೊಂಟಕ್ಕೆ ಸಿಕ್ಕಿಸಿದ ಕೆಂಪು ಉಣ್ಣೆಯ ದಾರ ತೆಗೆದು ಕಟ್ಟುತ್ತಾಳೆ. ಮತ್ತೆ ಕೋಲು ಹೊರಡುತ್ತದೆ. ಮೂವತ್ತೊಂದು ವರ್ಷ ಇಷ್ಟೇ ನಡೆದದ್ದು. ಇದರಲ್ಲಿ ಕೇಳಬೇಕಾದದ್ದೂ ಹೇಳಬೇಕಾದದ್ದೂ ಏನೂ ಇದ್ದಂತೆ ಕಾಣಿಸುವುದಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ರೇಷ್ಮಾ ನದಾಫ ಅವರನ್ನು ಯಂತ್ರದ ಕೋಣೆಗೆ ಕರೆದಳು. ಕನ್ನಡಕದ ಜೊತೆಗೆ ಬಂದ ಎಂಜಿನಿಯರು ಅವಳು. ಗದಗದ ಕಡೆಯವಳು, ಮಾತು ಕಡಿಮೆ. ದೊಡ್ಡ ಪರದೆಯ ಮೇಲೆ ಹೊಲದ ಚಿತ್ರ ಓಡುತ್ತಿತ್ತು, ಅದರ ಮೇಲೊಂದು ಕೆಂಪು ಚುಕ್ಕಿ.

“ಆ ಚುಕ್ಕಿ ನಿಮ್ಮ ನೋಟ, ಸರ್.”

ಚುಕ್ಕಿ ಗಿಡಗಳ ಮೇಲೆ ಅಲೆಯುತ್ತಿತ್ತು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಅದು ಅಲೆಯುತ್ತಿರಲಿಲ್ಲ. ಕೋಲಿನ ತುದಿಗೆ ಅಂಟಿಕೊಂಡು ಕುಳಿತಿತ್ತು. ಕೋಲು ಹೋದಲ್ಲಿ ಹೋಗುತ್ತಿತ್ತು, ಕೋಲು ನಿಂತಲ್ಲಿ ನಿಲ್ಲುತ್ತಿತ್ತು. ನಿಂತ ಮೇಲೆ ಒಮ್ಮೆ ಗಿಡಕ್ಕೆ ಹಾರಿ ವಾಪಸು ಬರುತ್ತಿತ್ತು, ಅಷ್ಟೇ.

“ನಾನೂರಾ ಹನ್ನೆರಡು ಗಿಡಕ್ಕ ದಾರ ಕಟ್ಸೀರಿ ಸರ್. ಅದರಾಗ ಮುನ್ನೂರಾ ಎಂಬತ್ತೆಂಟರಾಗ ಚುಕ್ಕಿ ಮೊದಲ ಕೋಲಿಗೆ ಹೋಗೇತಿ. ಏನೋ ಅಲ್ಲಾಡಿದ್ರ ಕಣ್ಣು ಆ ಕಡೆ ಹೋಗೂದು ಸಹಜ ಬಿಡ್ರಿ. ಆದ್ರ ಚಿತ್ರದಾಗಿಂದ ಕೋಲು ಅಳಿಸಿ ಕೊಟ್ರ ಯಂತ್ರ ಏನೂ ಕಲಿಯೂದಿಲ್ಲ ಅಂತದ. ನಾಳೆ ಒಂದಿನ ಆ ಕೋಲು ಹಿಡಿಯೂ ಅವ್ವಾರನ್ನ ಬಿಟ್ಟು ನೀವೊಬ್ರೇ ನಡೀರಿ. ಶುದ್ಧ ನೋಟ ಸಿಗ್ತದ.”

ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಪಾಪ. ಕಟಗೇರಿಯವರಿಗೆ ಮಾತ್ರ ಕಿವಿಯ ತುದಿ ಬಿಸಿಯಾಯಿತು. ಸಂತೆಯಲ್ಲಿ ಧೋತರ ಕಳಚಿದವನಿಗೂ ಅಷ್ಟು ಬೇಗ ಮೈ ಬಿಸಿಯಾಗಲಿಕ್ಕಿಲ್ಲ.

ಯಾಕೆಂದರೆ ಅವರಿಗೆ ಗೊತ್ತಿತ್ತು. ಮೂರನೆಯ ವರ್ಷವೇ ಗೊತ್ತಾಗಿತ್ತು. ಆ ವರ್ಷ ಫಕೀರವ್ವ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಇನ್ಯಾವಳೋ ಕೋಲು ಹಿಡಿದು ಸರಸರ ನಡೆದಿದ್ದಳು, ಎಲ್ಲಿಯೂ ನಿಂತಿರಲಿಲ್ಲ. ಕಟಗೇರಿಯವರು ತಾವೇ ನೋಡಿ ನೋಡಿ ಆರಿಸಿದ ಗಿಡಗಳೆಲ್ಲ ಆ ವರ್ಷ ಜೊಳ್ಳಾದವು. ವರದಿಯಲ್ಲಿ ಹವಾಮಾನದ ಮೇಲೆ ಹಾಕಿ ಬರೆದರು. ಮರುವರ್ಷ ಫಕೀರವ್ವ ಬಂದಳು, ಕೋಲು ನಿಂತಿತು, ಎಣ್ಣೆ ಏರಿತು. ಈ ಹೆಂಗಸಿಗೆ ಕಣ್ಣಿದೆ ಎಂದು ಅವರು ಅಂದೇ ತಿಳಿದುಕೊಂಡರು, ತಿಳಿದದ್ದನ್ನು ಅಲ್ಲೇ ಮಡಚಿಟ್ಟರು. ಅವಳೂ ಏನೂ ಅನ್ನಲಿಲ್ಲ, ಇವರೂ ಕೇಳಲಿಲ್ಲ. ಸುಳ್ಳು ಹೇಳುವ ತೊಂದರೆಯೂ ಅವರಿಗೆ ಬರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು.

*

ಮರುದಿನ ಶುಕ್ರವಾರ ಬೆಳಿಗ್ಗೆ ಫಕೀರವ್ವನನ್ನು ಬದುವಿನ ಮೇಲೆ ಕೂರಿಸಿ, ಕಟಗೇರಿಯವರು ಒಬ್ಬರೇ ಹೊಲಕ್ಕಿಳಿದರು. ಎರಡನೇ ಸಾಲಿಗೇ ಪ್ಯಾಂಟಿನ ಮಂಡಿ ಹರಿಯಿತು. ಮೂರನೇ ಸಾಲಿನಲ್ಲಿ ಅಂಗೈಗೆ ಮುಳ್ಳು ಕೂತಿತು. ಮೂವತ್ತೊಂದು ವರ್ಷದಲ್ಲಿ ಅವರಿಗೆ ಕುಸುಬೆ ಸರಿಯಾಗಿ ಚುಚ್ಚಿದ್ದು ಅಂದೇ.

“ಸಾಹೇಬ್ರ, ನಾ ಬರ್ಲೇನ್ರೀ? ಚುಚ್ಚತಾವ್ರೀ ಅವು!” ಎಂದು ಫಕೀರವ್ವ ಬದುವಿನಿಂದ ಕೂಗಿದಳು.

“ಬ್ಯಾಡ, ನೀ ಕೂಡು!” ಎಂದು ಅವರು ಅಗತ್ಯಕ್ಕಿಂತ ಜೋರಾಗಿ ಗದರಿದರು.

ಗಿಡಗಳನ್ನು ನೋಡಿದರು. ಗಿಡಗಳೂ ಅವರನ್ನು ನೋಡುತ್ತಿದ್ದಂತಿತ್ತು, ಮಾತು ಮಾತ್ರ ಆಡಲಿಲ್ಲ. ಎತ್ತರ, ರೆಂಬೆ, ಕಾಯಿಯ ಗಾತ್ರ, ಪುಸ್ತಕದಲ್ಲಿ ಇರುವುದನ್ನೆಲ್ಲ ನೆನೆಸಿಕೊಂಡು ನೂರು ಗಿಡಕ್ಕೆ ದಾರ ಕಟ್ಟಿದರು. ಮೇಲೆ ಬಂದಾಗ ಬೆನ್ನು ಪೂರ್ತಿ ತೊಯ್ದಿತ್ತು.

ಕಾಳನ್ನು ಒಡೆಯದೆ ಬೆಳಕು ಹಾಯಿಸಿ ಎಣ್ಣೆ ಎಷ್ಟೆಂದು ಹೇಳುವ ಪೆಟ್ಟಿಗೆಯೊಂದು ಕೋಣೆಯಲ್ಲಿತ್ತು. ಮಧ್ಯಾಹ್ನದೊಳಗೆ ಅದು ಲೆಕ್ಕ ಒಪ್ಪಿಸಿತು. ಕೋಲು ಮುಂದಿದ್ದಾಗ ಆರಿಸಿದ ಗಿಡಗಳ ಸರಾಸರಿ ನಲವತ್ತೊಂದು. ಒಬ್ಬರೇ ಆರಿಸಿದ್ದು ಮೂವತ್ತೊಂದು. ಇಡೀ ಹೊಲದ ಸರಾಸರಿಯೂ ಮೂವತ್ತೊಂದೇ. ಅಂದರೆ ಕಣ್ಣು ಮುಚ್ಚಿ ನಡೆದು ಕೈಗೆ ಸಿಕ್ಕಿದ್ದಕ್ಕೆ ದಾರ ಕಟ್ಟಿದ್ದರೂ ಅಷ್ಟೇ ಬರುತ್ತಿತ್ತು.

ರೇಷ್ಮಾ ಪರದೆಯನ್ನು ನಂದಿಸಿದಳು. ಸ್ವಲ್ಪ ಹೊತ್ತು ತನ್ನ ಓಢಣಿಯ ಅಂಚು ನೋಡುತ್ತ ಕುಳಿತು, ಮೆಲ್ಲಗೆ ಹೇಳಿದಳು: “ಇವತ್ತು ನಿಮಗ ಮೈಯಾಗ ಹುಷಾರಿರ್ಲಿಲ್ಲ ಅಂತ ಬರೀಲೇನು ಸರ್? ಮೊದಲಿನ ಮೂರು ದಿನದ್ದನ್ನೇ ಯಂತ್ರಕ್ಕ ಕೊಡ್ತೀನಿ.”

ಎಲ್ಲವೂ ಅವಳಿಗೆ ಅರ್ಥವಾಗಿತ್ತು. ಮಗಳ ವಯಸ್ಸಿನವಳು, ಇವರ ಮಾನ ಮುಚ್ಚಲು ತನ್ನ ಕೈಯಿಂದ ಸುಳ್ಳು ಬರೆಯುತ್ತೇನೆ ಎನ್ನುತ್ತಿದ್ದಾಳೆ. ಬೇಡ ಎನ್ನಬೇಕು ಎಂದು ಕಟಗೇರಿಯವರು ಬಾಯಿ ತೆರೆದರು. ಆದರೆ ತಲೆ ಅಷ್ಟರಲ್ಲಿ ಹೂಂ ಎಂದು ಆಡಿಬಿಟ್ಟಿತು. ಅವರು ಆ ತಲೆಯನ್ನು ತಗ್ಗಿಸಿಕೊಂಡೇ ಕೋಣೆಯಿಂದ ಹೊರಬಿದ್ದರು.

*

ಭಾನುವಾರ ಮನೆಯಲ್ಲಿ ಹೆಂಡತಿ ಶೈಲಾ, ಬಂಡಿ ಹೊಲಕ್ಕಿಳಿದ ಮೇಲೆ ನಡೆಯಲಿದ್ದ ಸಮಾರಂಭಕ್ಕೆ ಉಡುವ ಇಳಕಲ್ ಸೀರೆಗೆ ಇಸ್ತ್ರಿ ಹಾಕುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಉತ್ತರ ಕದ್ದು ಬರೆದವರನ್ನು ನಡಿಗೆಯಲ್ಲೇ ಗುರುತಿಸುತ್ತಿದ್ದರು. ಶನಿವಾರ ಪೂರ್ತಿ ಗಂಡ ಊಟದ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುವುದನ್ನೂ ತಿನ್ನದಿರುವುದನ್ನೂ ನೋಡಿದ್ದರು. ಈ ಮಧ್ಯಾಹ್ನ ತಟ್ಟೆಯನ್ನೇ ಎತ್ತಿ ಆಚೆ ಇಟ್ಟು, “ಏನಾಗೇದ ಹೇಳ್ರಿ” ಎಂದರು.

ಕಟಗೇರಿಯವರು ಹೇಳಿದರು. ಕೋಲು, ಚುಕ್ಕಿ, ಮೂವತ್ತೊಂದು, ಮೂರನೆಯ ವರ್ಷದ ಜೊಳ್ಳು, ಎಲ್ಲವನ್ನೂ. ಒಂದು ಸಲ ಶುರುವಾದ ಮೇಲೆ ನಿಲ್ಲಿಸಲು ಬರಲಿಲ್ಲ.

“ಇಷ್ಟು ವರ್ಷದಾಗ ಆಕಿ ಹೆಸರು ಎಲ್ಲ್ಯರೆ ಬರದೀರೇನು?”

“ಹಾಜರಿ ಪುಸ್ತಕದಾಗ.”

ಶೈಲಾ ನಗಲಿಲ್ಲ. “ನಾಳೆ ಆ ಬಂಡಿ ಹೊಲಕ್ಕ ಇಳದ್ರ ಏನಾಗ್ತದ?”

“ಅದರ ಮುಂದ ಫಕೀರವ್ವ ಇರೂದಿಲ್ಲಲ್ಲ. ಕುರುಡ ಇದ್ದಂಗ. ಕಂಡ ಕಂಡ ನಾನೂರು ಇಟ್ಕೊಂಡು, ಉಳದದ್ದೆಲ್ಲಾ ಕತ್ತರಿಸಿ ಹಾಕ್ತದ. ಒಂಬತ್ತು ವರ್ಷದ ಸಂಕರ ಅದು. ಮತ್ತ ಮಾಡ್ತೀನಂದ್ರ ಆ ಕಾಡುಕುಸುಬಿ ಬೀಜ ಈಗ ಮೊಳಕಿ ಒಡ್ಯೂದಿಲ್ಲ. ಒಮ್ಮೆ ಹೋತಂದ್ರ ಹೋತು.”

“ಇದು ಗೊತ್ತಿದ್ದೂ ತಲಿ ಅಲ್ಲಾಡ್ಸಿ ಬಂದೀರಿ.” ಅವರು ಇಸ್ತ್ರಿಯ ಪ್ಲಗ್ಗು ತೆಗೆದರು. “ನನಗ ನಾಚಿಕಿ ಬರಾಕತ್ತೇದ್ರಿ. ಈ ಸೀರಿ ಉಟ್ಕೊಂಡು ಮುಂದಿನ ಸಾಲಿನಾಗ ಕೂಡೂದು ನನ್ನ ಕಡಿಂದ ಆಗೂದಿಲ್ಲ.”

ಅವರು ಸೀರೆಯನ್ನು ಮಡಚಿ ಒಳಗಿಟ್ಟರು. ಬೈದಿದ್ದರೆ ಕಟಗೇರಿಯವರಿಗೆ ಎಷ್ಟೋ ವಾಸಿಯಾಗುತ್ತಿತ್ತು. ಸಂಜೆಯ ತನಕ ಅವರು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದರು. ಕೊನೆಗೊಂದು ಉಪಾಯ ಹೊಳೆಯಿತು. ಎಲ್ಲರೆದುರು ನಿಜ ಹೇಳುವುದು. ಅಷ್ಟೇ ಅಲ್ಲ, ಈ ವರ್ಷ ಬಿಡುಗಡೆಯಾಗಲಿರುವ ಕರೇಮಡ್ಡಿ-೧೪ ತಳಿಗೆ ‘ಫಕೀರವ್ವ’ ಎಂದೇ ಹೆಸರಿಡುವುದು. ಹೀಗೆ ನಿಶ್ಚಯ ಮಾಡುತ್ತಲೇ ಅವರಿಗೆ ಎದೆ ಹಗುರವಾಯಿತು, ಹಸಿವೂ ಆಯಿತು. ತಪ್ಪೊಪ್ಪಿಕೊಳ್ಳುವುದರಲ್ಲಿಯೂ ಮನುಷ್ಯನಿಗೆ ದೊಡ್ಡವನಾಗುವ ಆಸೆ ಹೋಗುವುದಿಲ್ಲ.

*

ಸೋಮವಾರ ಬೆಳಿಗ್ಗೆ ಏಳನೇ ತಾಕಿನ ಬದುವಿನ ಮೇಲೆ ಬಂಡಿ ನಿಂತಿತ್ತು. ಕೇಂದ್ರದ ನಿರ್ದೇಶಕಿ ಡಾ. ವಾಸಂತಿ ಇನಾಮದಾರ, ರೇಷ್ಮಾ, ಕೆಲವು ಸಿಬ್ಬಂದಿ, ಸ್ವಲ್ಪ ಹಿಂದೆ ಕೂಲಿ ಹೆಣ್ಣುಮಕ್ಕಳು. ರೇಷ್ಮಾ ಗುಂಡಿ ಒತ್ತಲು ಬಗ್ಗಿದಾಗ ಕಟಗೇರಿಯವರು ಬಂಡಿಯ ಮುಂದೆ ಹೋಗಿ ನಿಂತರು.

“ನಿಲ್ಲಿಸವಾ. ಈ ಕಣ್ಣು ನಂದಲ್ಲ.”

ಮುಂದಿನ ಮಾತುಗಳನ್ನು ಅವರು ಮನೆಯಲ್ಲಿ ಚೆನ್ನಾಗಿ ಜೋಡಿಸಿಕೊಂಡು ಬಂದಿದ್ದರು. ಹೊಲದಲ್ಲಿ ಅವು ಜೋಡಣೆ ತಪ್ಪಿ, ತೊದಲಿ, ಹಿಂದುಮುಂದಾಗಿ ಹೊರಬಂದವು. ಆದರೂ ಬಂದವು. ಗಿಡ ಆರಿಸಿದ್ದು ನಾನಲ್ಲ, ಫಕೀರವ್ವ. ನಾನು ಅವಳ ಕೋಲು ನೋಡುತ್ತಿದ್ದೆ. ಇದು ನನಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತಿತ್ತು. ಹೇಳುವಾಗ ಯಾರ ಮುಖವನ್ನೂ ನೋಡಲಾಗಲಿಲ್ಲ. ಸಿಬ್ಬಂದಿಯಲ್ಲಿ ಯಾರೋ ಕೆಮ್ಮಿದರು. ಹಿಂದೆ ನಿಂತಿದ್ದ ಫಕೀರವ್ವ ತನ್ನ ಹೆಸರು ಕೇಳಿ ಏನು ತಪ್ಪಾಯಿತೋ ಎಂದು ಗಾಬರಿಯಾಗಿ ಪಕ್ಕದವಳ ಕೈ ಹಿಡಿದುಕೊಂಡಳು.

ಡಾ. ಇನಾಮದಾರ ಬಂಡಿಯ ಕಡೆಗೊಮ್ಮೆ, ಫಕೀರವ್ವನ ಕಡೆಗೊಮ್ಮೆ ನೋಡಿದರು. ಆಮೇಲೆ, “ಬಂಡಿ ಶೆಡ್ಡಿಗೆ ಒಯ್ರಿ. ಕನ್ನಡಕ ಆಕಿಗೆ ಹಾಕ್ರಿ” ಎಂದಷ್ಟೇ ಹೇಳಿದರು.

“ನನ್ನ ಕಣ್ಣ ಚಲೋ ಅದಾವ್ರಿ ಬಾಯಾರ, ಚಸ್ಮಾ ಬ್ಯಾಡ್ರಿ” ಎಂದಳು ಫಕೀರವ್ವ. ರೇಷ್ಮಾ ಅವಳ ಪಕ್ಕ ನಿಂತು, ಇದು ಕಾಣಲಿಕ್ಕಲ್ಲ, ನೀವು ಕಾಣುವುದನ್ನು ಅದು ಕಾಣಲಿಕ್ಕೆ ಎಂದು ತಿಳಿಸಿ ಹೇಳಬೇಕಾಯಿತು. ಐದನೇ ತಾಕಿನ ಅಂಚಿಗೆ ಒಯ್ದು, “ನಿಮಗ ಚಲೋ ಅನಸಿದ ಗಿಡಕ್ಕೆಲ್ಲಾ ದಾರ ಕಟ್ರಿ, ಅವ್ವಾರ” ಎಂದಳು.

“ಚಲೋ ಅಂದ್ರ? ನನಗ ಚಲೋ ಕಂಡದ್ದೇನ್ರೀ?”

“ಹೂಂ. ನಿಮಗ ಕಂಡದ್ದೇ.”

ಫಕೀರವ್ವ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಇಳಿದಳು. ಕೋಲನ್ನು ಬಗಲಲ್ಲಿ ಇರುಕಿ, ಬರಿಗೈಯಿಂದ ಮುಟ್ಟುತ್ತ, ಎಲ್ಲಿಯೂ ತಡೆಯದೆ ನಡೆದಳು. ಇವಳು ಇಷ್ಟು ಬೀಸಾಗಿ ನಡೆಯಬಲ್ಲಳು ಎಂದು ಕಟಗೇರಿಯವರಿಗೆ ತಿಳಿದಿರಲಿಲ್ಲ. ಅರ್ಧ ಗಂಟೆಯಲ್ಲಿ ನಲವತ್ತು ಗಿಡಕ್ಕೆ ದಾರ ಕಟ್ಟಿ ಮೇಲೆ ಬಂದಳು. ಬದುವಿನ ಮೇಲೆ ನಿಂತಿದ್ದ ಕಟಗೇರಿಯವರ ಕಣ್ಣು ಹನಿಗೂಡಿತ್ತು. ಕೊನೆಗೂ ನಿಜವಾದ ಕಣ್ಣು ಸಿಕ್ಕಿತು ಎಂದು ಅವರು ಮನಸಾರೆ ನಂಬಿದ್ದರು.

*

ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆ ಲೆಕ್ಕ ಕೊಟ್ಟಿತು. ಫಕೀರವ್ವ ಆರಿಸಿದ ನಲವತ್ತು ಗಿಡಗಳ ಸರಾಸರಿ ಎಣ್ಣೆ ಇಪ್ಪತ್ತೊಂಬತ್ತು. ಹೊಲದ ಸರಾಸರಿಗಿಂತ ಎರಡು ಕಡಿಮೆ.

ರೇಷ್ಮಾ ಪೆಟ್ಟಿಗೆಯನ್ನು ಒರೆಸಿ ಮತ್ತೊಮ್ಮೆ ನಡೆಸಿದಳು. ಅದೇ ಬಂತು. ಡಾ. ಇನಾಮದಾರ ಕಟಗೇರಿಯವರ ಕಡೆ ತಿರುಗಿದರು. ಬೆಳಿಗ್ಗೆ ಎಲ್ಲರೆದುರು ಅಷ್ಟೆಲ್ಲ ಹೇಳಿದ್ದು ಹಾಗಾದರೆ ಏನು ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು. ಕಟಗೇರಿಯವರು ಬಾಗಿಲ ಹೊರಗೆ ಕುಳಿತಿದ್ದ ಫಕೀರವ್ವನನ್ನು ಒಳಗೆ ಕರೆಸಿದರು. ಕುರ್ಚಿ ತೋರಿಸಿದರೂ ಅವಳು ಕೂರದೆ ಗೋಡೆಗೆ ಒರಗಿ ನಿಂತಳು.

“ಫಕೀರವ್ವ, ಇವತ್ತ ಆ ನಲವತ್ತು ಗಿಡ ಯಾಕ ಆರ್ಸಿದಿ?”

“ಮೆತ್ತಗಿದ್ವಲ್ರೀ, ಮುಳ್ಳ ಕಡಿಮಿ. ನನಗ ಚಲೋ ಕಂಡದ್ದಕ್ಕ ಕಟ್ಟು ಅಂದ್ರು ಈ ಬಾಯಾರು.” ತಪ್ಪು ಮಾಡಿದೆನೇನೋ ಎಂದು ಅವಳು ರೇಷ್ಮಾಳ ಕಡೆ ನೋಡಿದಳು.

“ಮತ್ತ ಇಷ್ಟು ವರ್ಷ ನನ್ನ ಮುಂದ ನಡೀವಾಗ? ಆವಾಗ ಯಾವ ಗಿಡದ ಹತ್ರ ಕೋಲು ನಿಲ್ಲಸ್ತಿದ್ದಿ?”

“ಮುಳ್ಳ ಭಾಳ ಇದ್ದದ್ರ ಹತ್ರ ರೀ.”

ಇದರಲ್ಲಿ ತಿಳಿಯದ್ದೇನಿದೆ ಎಂದು ಫಕೀರವ್ವನಿಗೆ ಆಶ್ಚರ್ಯವಾದಂತಿತ್ತು. ಬಿಡಿಸಿ ಹೇಳಿದಳು.

“ಅಲ್ರೀ ಸಾಹೇಬ್ರ, ಕೆಲವು ಗಿಡ ಭಾಳ ಕೆಟ್ಟ ಇರ್ತಾವ್ರೀ. ನೀವು ಹಿಂದ ಬರಾಕತ್ತಿರ್ತೀರಿ, ನಿಮ್ಮ ಕೈ ಮೆತ್ತನ್ನ ಕೈ. ಚುಚ್ಚಬಾರದಂತ ನಾ ನಿಂತು ಆ ರೆಂಬಿ ಒತ್ತಿ ಹಿಡೀತಿದ್ದೆ. ನೀವು ಅದಕ್ಕೇ ದಾರ ಕಟ್ಟು ಅಂತಿದ್ರಿ. ಮೊದಲನೇ ವರ್ಷ ನಾ ಏನ್ ತಿಳ್ಕೊಂಡೆ ಹೇಳ್ಲೇನ್ರೀ? ಮುಳ್ಳ ಭಾಳ ಇದ್ದದ್ದನ್ನ ಕಿತ್ತ ಒಗ್ಯಾಕ ಗುರ್ತ ಮಾಡಾಕತ್ತಾರ, ಸಾಹೇಬ್ರು ಭಾಳ ದೇವರಂಥವ್ರು ಅಂತ ತಿಳ್ಕೊಂಡೆ. ಮುಂದಿನ ವರ್ಷ ನೋಡಿದ್ರ ಹೊಲ ತುಂಬ ಅವೇ ಎದ್ದಾವ.”

ಎಣ್ಣೆಯ ಜೀನೂ ಮುಳ್ಳಿನ ಜೀನೂ ಕುಸುಬೆಯ ವರ್ಣತಂತುವಿನ ಮೇಲೆ ಅಕ್ಕಪಕ್ಕ ಕೂತಿರುತ್ತವೆ, ಒಂದನ್ನು ಎಳೆದರೆ ಇನ್ನೊಂದೂ ಜೊತೆಗೆ ಬರುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ಕಟಗೇರಿಯವರೇ ಎಷ್ಟೋ ಸಲ ಹಲಗೆಯ ಮೇಲೆ ಬರೆದು ತೋರಿಸಿದ್ದರು. ಯಾರ ಕಣ್ಣೂ ಎಣ್ಣೆಯನ್ನು ಕಂಡಿರಲಿಲ್ಲ. ಒಬ್ಬಳು ಮುಳ್ಳನ್ನು ಕಂಡು ಇವರ ಕೈ ಕಾದಿದ್ದಳು, ಇವರು ಅವಳ ಕಾಳಜಿಯನ್ನೇ ಜಾಣ್ಮೆಯೆಂದು ತಿಳಿದು ಇಪ್ಪತ್ತೆಂಟು ವರ್ಷ ಕದ್ದಿದ್ದರು. ಅವರ ಕಡತದಲ್ಲಿ ಮೊದಲು ಮುಳ್ಳಿಗೂ ಒಂದು ಅಂಕಣವಿತ್ತು, ಒಂದರಿಂದ ಐದರವರೆಗೆ ಅಂಕ. ಕೊಯ್ಲಿಗೆ ಯಂತ್ರ ಬರುತ್ತದೆ, ಇನ್ನು ಇದು ಬೇಕಾಗಿಲ್ಲ ಎಂದು ಎರಡನೆಯ ವರ್ಷವೇ ಅವರು ಅದನ್ನು ಹೊಡೆದುಹಾಕಿದ್ದರು. ಯಂತ್ರ ದೊಡ್ಡ ಹೊಲಗಳಿಗೆ ಬಂತು. ಉಳಿದ ಕಡೆಯೆಲ್ಲ ಇಂದಿಗೂ ಕೈಗಳೇ ಕೊಯ್ಯುತ್ತಿವೆ.

“ನನಗ ಯಾಕ ಹೇಳ್ಲಿಲ್ಲ ನೀ?” ಎಂದರು.

“ನೀವು ಕೇಳಿದ್ದಿಲ್ಲಲ್ರೀ.”

ಅವಳು ಗೋಡೆಗೆ ಆನಿಸಿದ್ದ ಕೈಯನ್ನು ಮುಂದೆ ತಂದು ಸೆರಗಿಗೆ ಒರೆಸಿಕೊಂಡಳು. ಆ ಕೈಯನ್ನು ಕಟಗೇರಿಯವರು ಮೊದಲ ಸಲ ನೋಡಿದರು. ಅಂಗೈ ಪೂರ್ತಿ ಕಪ್ಪು ಚುಕ್ಕಿಗಳು, ಒಳಗೇ ಮುರಿದು ಉಳಿದ ಮುಳ್ಳಿನ ತುದಿಗಳು.

“ನಿಮ್ಮ ಒಂಬತ್ತನೇ ನಂಬರ್ ಕುಸುಬಿ ಬಂದ ಮ್ಯಾಲ ಭಾಳ ಆತ್ರೀ” ಎಂದಳು, ದೂರುವ ದನಿಯಿರಲಿಲ್ಲ, ಹವೆಯ ಸುದ್ದಿ ಹೇಳುವಂತೆ ಹೇಳಿದಳು. “ಕೈಗೆ ಅರಿವಿ ಸುತ್ಕೊಂಡ್ರೂ ತಡಿಯೂದಿಲ್ರೀ. ಸುಗ್ಗಿ ಮುಗಿಯೂತನಾ ಹೆಣ್ಮಕ್ಳಿಗೆ ಸಂಜೀಕ ರೊಟ್ಟಿ ಬಡ್ಯಾಕ ಬರೂದಿಲ್ಲ. ಹಿಟ್ಟ ಮುಟ್ಟಿದ್ರ ಅಂಗೈ ಉರೀತಾವ. ನಮ್ಮ ಓಣ್ಯಾಗ ಆ ತಿಂಗಳ ಎಲ್ಲಾರ ಮನ್ಯಾಗೂ ನುಚ್ಚೇ.”

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಎನ್ನುವ ಮಾತನ್ನು ಕಟಗೇರಿಯವರು ಬಹಳ ಜನರಿಂದ ಕೇಳಿದ್ದರು. ಅದು ಹೊಟ್ಟೆಯೊಳಗಿನಿಂದ ಬರುವ ಮಾತು ಎಂದು ಆಗ ಗೊತ್ತಾಯಿತು. ಬೆಳಿಗ್ಗೆ ಕಳ್ಳತನ ಒಪ್ಪಿಕೊಂಡಾಗ ಆಗಿದ್ದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಅದರಲ್ಲಿ ಕನಿಷ್ಠ ಕದಿಯಲು ಬೆಲೆಬಾಳುವುದೊಂದು ಇತ್ತು.

ಸುಮ್ಮನೆ ನಿಲ್ಲಲು ಅವರಿಂದಾಗಲಿಲ್ಲ. ಏನಾದರೂ ಕೊಡಬೇಕು, ಈಗಲೇ ಕೊಡಬೇಕು ಎನ್ನಿಸಿತು. ಕೊಡಲು ಅವರ ಬಳಿ ಇದ್ದದ್ದು ಭಾನುವಾರದ ಆ ಒಂದೇ ಉಪಾಯ.

“ಫಕೀರವ್ವಾರ,” ಎಂದರು. ಅವಳನ್ನು ಅವರು ಹಾಗೆ ಕರೆದದ್ದು ಅದೇ ಮೊದಲು. “ಈ ವರ್ಷ ಹದಿನಾಲ್ಕನೇ ನಂಬರ್ ತಳಿ ಬರಾಕತ್ತೇದ. ಅದನ್ನ ಆರಿಸಿದ್ದೂ ನಿಮ್ಮ ಕೋಲಿಂದನ. ಒಂಬತ್ತಕ್ಕಿಂತ ಹೆಚ್ಚು ಎಣ್ಣಿ ಅದ. ಅದಕ್ಕ ನಿಮ್ಮ ಹೆಸರ ಇಡಸ್ತೀನಿ. ಫಕೀರವ್ವ ಕುಸುಬಿ ಅಂತ. ಎಲ್ಲಾ ಕಡೆ ನಿಮ್ಮ ಹೆಸರು ಹೋಗ್ತದ.”

ಫಕೀರವ್ವನ ಮುಖದ ಬಣ್ಣ ಹೋಯಿತು. ಗೋಡೆ ಬಿಟ್ಟು ಮುಂದೆ ಬಂದು, ಆ ಎರಡೂ ಕೈ ಜೋಡಿಸಿದಳು.

“ಬ್ಯಾಡ್ರೀ ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ. ಅದಕ್ಕ ನನ್ನ ಹೆಸರ ಹಚ್ಚಬ್ಯಾಡ್ರಿ. ಕೊಯ್ಯೂ ಹೆಣ್ಮಕ್ಳು ಮುಳ್ಳ ಚುಚ್ಚಿದಾಗೊಮ್ಮೆ ನನ್ನ ಹೆಸರ ತಗೊಂಡು ಬೈತಾರ್ರೀ.”

“ಯಾಕ ಬೈತಾರ?”

ಅವಳು ಹೇಳಲೋ ಬೇಡವೋ ಎಂದು ನೆಲ ನೋಡಿದಳು. ಕೊನೆಗೆ ಹೇಳಿದಳು.

“ಈಗ ನಿಮ್ಮನ್ನ ಬೈಯ್ಯೂದಿಲ್ಲೇನ್ರೀ? ಕಟಗೇರಿ ಅಂದ್ರ ನಮ್ಮ ಕಡೆ ಮುಳ್ಳೇ ರೀ. ಅಂಗೈಯಾಗ ಕಟಗೇರಿ ಮುರೀತು, ಸೂಜಿ ಕೊಡು ಅಂತಾರ. ಸಣ್ಣ ಹುಡುಗ್ಯಾರಿಗೆ ಅದು ಒಬ್ರ ಹೆಸರಂತನೂ ಗೊತ್ತಿಲ್ರೀ.”

ಡಾ. ಇನಾಮದಾರ ಕಿಟಕಿಯ ಕಡೆ ತಿರುಗಿ ನಿಂತರು. ರೇಷ್ಮಾಳ ಬೆರಳು ಗುಂಡಿಗಳ ಮೇಲೆ ಇದ್ದಲ್ಲೇ ಇತ್ತು. ಕಟಗೇರಿಯವರು ಕೇಳಿದರು, ಈ ಸಲ ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು.

“ಎಂಥಾ ಗಿಡಕ್ಕಾದ್ರ ನಿಮ್ಮ ಹೆಸರ ಇಡಬಹುದು?”

ಫಕೀರವ್ವ ಯೋಚಿಸಿದಳು. ಅವಳನ್ನು ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ, ಆದ್ದರಿಂದ ಸ್ವಲ್ಪ ಹೊತ್ತು ಹಿಡಿಯಿತು.

“ಬರಿಗೈಲೆ ಕೀಳೂವಂಥಾದ್ದು ಬಂದ್ರ ನೋಡೂಣ್ರೀ,” ಎಂದಳು. “ಅಲ್ಲೀತನಾ ನಿಮ್ಮ ಹೆಸರೇ ಇರ್ಲಿ.”